ಮಕ್ಕಳ ನೋವಿಗೆ ಎರಡು ಔಷಧ: ತುರ್ತು ಹೊತ್ತಿನಲ್ಲಿ ಪ್ಯಾರಸಿಟಮಾಲ್ ಮತ್ತು ಐಬುಪ್ರೊಫೇನ್ ಕೊಡುವ ಕ್ರಮ

ಮರದಿಂದ ಬಿದ್ದು ಮುಂಗೈ ಮುರಿದುಕೊಂಡ ಮಗುವನ್ನಾಗಲಿ, ಕಿವಿನೋವಿನಿಂದ ರಾತ್ರಿಯಿಡೀ ಅತ್ತ ಮಗುವನ್ನಾಗಲಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆತಂದಾಗ, ಎಕ್ಸ್‌ರೇಗೆ ಕಳುಹಿಸುವ ಮೊದಲೇ ನೋವಿಗೆ ಔಷಧ ಸಿಕ್ಕಿರಬೇಕು. ಬಾಯಿಯಿಂದ ಕೊಡುವ ಔಷಧ ಕೆಲಸ ಆರಂಭಿಸಲು ಸುಮಾರು ಅರ್ಧ ಗಂಟೆ ಬೇಕು. ಅದರ ಪೂರ್ಣ ಪರಿಣಾಮ ಕಾಣಲು ಒಂದು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ. ನಾಗಮಂಗಲದ ಕಡೆಯ ಹಳ್ಳಿಯಿಂದ ಮಂಡ್ಯದ ಮಿಮ್ಸ್ ಆಸ್ಪತ್ರೆಗೋ, ಎಚ್.ಡಿ. ಕೋಟೆಯ ಕಡೆಯಿಂದ ಮೈಸೂರಿನ ಚೆಲುವಾಂಬ ಅಥವಾ ಕೆ.ಆರ್. ಆಸ್ಪತ್ರೆಗೋ ಬರುವವರಿಗೆ ದಾರಿಯಲ್ಲೇ ಅಷ್ಟು ಸಮಯ ಕಳೆದುಹೋಗುತ್ತದೆ. ಆದ್ದರಿಂದ ಮೊದಲ ಡೋಸನ್ನು ಮನೆಯಲ್ಲಿ ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸರಿಯಾದ ಅಳತೆಯಲ್ಲಿ ಕೊಟ್ಟು ಹೊರಡುವುದು ಒಳ್ಳೆಯದು. ಈ ಬರಹ ಪೋಷಕರಿಗೂ, ತಾಲ್ಲೂಕು ಆಸ್ಪತ್ರೆಗಳ ತುರ್ತು ವಿಭಾಗದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಶುಶ್ರೂಷಾ ಸಿಬ್ಬಂದಿಗೂ ಉಪಯೋಗವಾಗಲೆಂದು ಬರೆದದ್ದು. ಮಗುವನ್ನು ನೋಡುತ್ತಿರುವ ವೈದ್ಯರು ಬೇರೆ ಡೋಸ್ ಹೇಳಿದ್ದರೆ ಅವರ ಮಾತೇ ನಡೆಯಬೇಕು.

ಪ್ಯಾರಸಿಟಮಾಲ್ ಮತ್ತು ಐಬುಪ್ರೊಫೇನ್ ಎರಡನ್ನೂ ಒಟ್ಟಿಗೆ ಕೊಡಬಹುದೇ ಎಂಬುದು ಎಲ್ಲರೂ ಮೊದಲು ಕೇಳುವ ಪ್ರಶ್ನೆ. ಐಬುಪ್ರೊಫೇನ್ ಕೊಡಬಾರದೆನ್ನುವ ಕಾರಣ ಯಾವುದೂ ಮಗುವಿನಲ್ಲಿ ಇಲ್ಲದಿದ್ದರೆ, ಕೊಡಬಹುದು. ಪ್ಯಾರಸಿಟಮಾಲ್ ಮುಖ್ಯವಾಗಿ ಮೆದುಳು ಮತ್ತು ಬೆನ್ನುಹುರಿಯ ಮಟ್ಟದಲ್ಲಿ ನೋವನ್ನು ತಗ್ಗಿಸುತ್ತದೆ. ಐಬುಪ್ರೊಫೇನ್ ಪೆಟ್ಟಾದ ಜಾಗದಲ್ಲಿ ಊತ ಮತ್ತು ನೋವು ಹುಟ್ಟಿಸುವ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳ ತಯಾರಿಕೆಯನ್ನು ತಡೆಯುತ್ತದೆ. ಮಿತಿ ಮೀರಿದರೆ ಪ್ಯಾರಸಿಟಮಾಲ್ ಯಕೃತ್ತನ್ನು ಕೆಡಿಸುತ್ತದೆ, ಐಬುಪ್ರೊಫೇನ್ ಹೊಟ್ಟೆ ಮತ್ತು ಮೂತ್ರಪಿಂಡಗಳಿಗೆ ಹೊರೆಯಾಗುತ್ತದೆ. ಕೆಲಸ ಮಾಡುವ ದಾರಿಯೂ ತೊಂದರೆ ಕೊಡುವ ಅಂಗವೂ ಬೇರೆ ಬೇರೆಯಾಗಿರುವುದರಿಂದ, ಎರಡನ್ನೂ ತಮ್ಮ ತಮ್ಮ ಅಳತೆಯಲ್ಲೇ ಕೊಟ್ಟಾಗ ಒಂದರ ಅಪಾಯ ಇನ್ನೊಂದರಿಂದ ಇಮ್ಮಡಿಯಾಗುವುದಿಲ್ಲ. ಈ ಜೋಡಿಯಿಂದ ತೊಂದರೆಯಾಗುವುದು ಬಹುಮಟ್ಟಿಗೆ ಲೆಕ್ಕ ತಪ್ಪಿದಾಗ: ಮಗುವಿನ ತೂಕ, ಬಾಟಲಿಯಲ್ಲಿರುವ ಔಷಧದ ಪ್ರಮಾಣ, ಹಿಂದಿನ ಡೋಸ್ ಕೊಟ್ಟ ಸಮಯ ಇವುಗಳಲ್ಲಿ ಯಾವುದಾದರೂ ಒಂದು ಗೊತ್ತಿಲ್ಲದೆ ಕೊಟ್ಟಾಗ.

ಮೂಳೆ, ಕೀಲು, ಸ್ನಾಯುಗಳ ಪೆಟ್ಟಿನಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ಐಬುಪ್ರೊಫೇನ್ ಮೇಲು. 2007ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ 6ರಿಂದ 17 ವರ್ಷದ ಗಾಯಾಳು ಮಕ್ಕಳಿಗೆ ಪ್ಯಾರಸಿಟಮಾಲ್, ಐಬುಪ್ರೊಫೇನ್, ಅಫೀಮಿನ ಗುಂಪಿನ ಕೋಡೀನ್ ಈ ಮೂರರಲ್ಲಿ ಒಂದನ್ನು ಕೊಟ್ಟು ಒಂದು ಗಂಟೆಯ ನಂತರ ನೋವನ್ನು ಅಳೆದಾಗ ಐಬುಪ್ರೊಫೇನ್ ಉಳಿದೆರಡಕ್ಕಿಂತ ಚೆನ್ನಾಗಿ ಕೆಲಸ ಮಾಡಿತ್ತು. 2014ರ ಇನ್ನೊಂದು ಕೆನಡಾ ಅಧ್ಯಯನದಲ್ಲಿ, ಮೂಳೆ ಮುರಿದು ಮನೆಗೆ ಹೋದ ಮಕ್ಕಳಲ್ಲಿ ಬಾಯಿಯಿಂದ ಕೊಟ್ಟ, ಅದೇ ಅಫೀಮಿನ ಗುಂಪಿನ ಮಾರ್ಫಿನ್ ಐಬುಪ್ರೊಫೇನ್‌ಗಿಂತ ಹೆಚ್ಚೇನೂ ನೋವು ಇಳಿಸಲಿಲ್ಲ; ಅಡ್ಡಪರಿಣಾಮಗಳು ಮಾತ್ರ ಹೆಚ್ಚಾಗಿದ್ದವು. ಆದ್ದರಿಂದ ಎರಡು ಔಷಧ ಎಂದ ಮಾತ್ರಕ್ಕೆ ನೋವು ಅರ್ಧಕ್ಕರ್ಧ ಇಳಿದೇ ತೀರುತ್ತದೆ ಎಂದು ಭಾವಿಸಬಾರದು. ಪೆಟ್ಟಿನ ನೋವಿನಲ್ಲಿ ಬಹುಪಾಲು ಕೆಲಸವನ್ನು ಐಬುಪ್ರೊಫೇನ್ ಮಾಡುತ್ತದೆ, ಪ್ಯಾರಸಿಟಮಾಲ್ ಅದಕ್ಕೆ ಸ್ವಲ್ಪ ಸೇರಿಸುತ್ತದೆ. ಆ ಸ್ವಲ್ಪವೂ ಮುರಿದ ಕೈಯನ್ನು ಎಕ್ಸ್‌ರೇ ಮೇಜಿನ ಮೇಲೆ ನೇರವಾಗಿ ಇಡಿಸುವ ಹೊತ್ತಿಗೆ ಬೆಲೆಯುಳ್ಳದ್ದೇ.

ಡೋಸ್ ನಿರ್ಧಾರವಾಗುವುದು ತೂಕದಿಂದ

ಪ್ಯಾರಸಿಟಮಾಲ್ ಒಂದು ಬಾರಿಗೆ ಮಗುವಿನ ತೂಕದ ಪ್ರತಿ ಕಿಲೋಗೆ 15 ಮಿಲಿಗ್ರಾಂ. ಎರಡು ಡೋಸ್‌ಗಳ ನಡುವೆ ಕನಿಷ್ಠ 4 ಗಂಟೆ ಇರಬೇಕು, ಸಾಮಾನ್ಯವಾಗಿ 6 ಗಂಟೆ ಇರುವುದು ಒಳ್ಳೆಯದು, 24 ಗಂಟೆಗಳಲ್ಲಿ 4 ಡೋಸ್ ಮೀರಬಾರದು. ಐಬುಪ್ರೊಫೇನ್ ಒಂದು ಬಾರಿಗೆ ಪ್ರತಿ ಕಿಲೋಗೆ 10 ಮಿಲಿಗ್ರಾಂ, 6ರಿಂದ 8 ಗಂಟೆಗೊಮ್ಮೆ, 24 ಗಂಟೆಗಳಲ್ಲಿ 3 ಡೋಸ್. ಮಗು ಎಷ್ಟೇ ದಪ್ಪವಿದ್ದರೂ ಐಬುಪ್ರೊಫೇನ್ ಒಂದು ಬಾರಿಗೆ 400 ಮಿಲಿಗ್ರಾಂ, ಪ್ಯಾರಸಿಟಮಾಲ್ ಒಂದು ಬಾರಿಗೆ 1 ಗ್ರಾಂ ದಾಟುವಂತಿಲ್ಲ.

ವಯಸ್ಸು ನೋಡಿ ಕೊಡುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಒಂದೇ ತರಗತಿಯ, ಒಂದೇ ವಯಸ್ಸಿನ ಇಬ್ಬರು ಮಕ್ಕಳಲ್ಲಿ ಒಬ್ಬರು 15 ಕಿಲೋ, ಇನ್ನೊಬ್ಬರು 24 ಕಿಲೋ ಇರುವುದು ಅಪರೂಪವೇನಲ್ಲ; ಇಬ್ಬರಿಗೂ ಒಂದೇ ಚಮಚ ಹಾಕಿದರೆ ಒಬ್ಬರಿಗೆ ಹೆಚ್ಚಾಗುತ್ತದೆ, ಇಲ್ಲವೇ ಇನ್ನೊಬ್ಬರಿಗೆ ಸಾಲದೆ ಹೋಗುತ್ತದೆ. ಚಿಕ್ಕ ಮಕ್ಕಳ ತೂಕ ಅಂಗನವಾಡಿಯ ದಾಖಲೆಯಲ್ಲಿ ಅಥವಾ ತಾಯಿ ಕಾರ್ಡಿನಲ್ಲಿ ಸಿಗುತ್ತದೆ, ಆದರೆ ಅದು ಯಾವ ತಿಂಗಳಿನದೆಂದು ನೋಡಿಕೊಳ್ಳಬೇಕು. ಮನೆಯಲ್ಲಿ ತೂಕದ ಯಂತ್ರವಿದ್ದರೆ ಮಗುವನ್ನು ಎತ್ತಿಕೊಂಡು ನಿಂತು, ಬಳಿಕ ಒಬ್ಬರೇ ನಿಂತು, ವ್ಯತ್ಯಾಸ ತೆಗೆದರೆ ಸಾಕು. ಯಾವುದೂ ಇಲ್ಲದ ಕಡೆ, 1ರಿಂದ 6 ವರ್ಷದವರೆಗೆ ವಯಸ್ಸನ್ನು ಎರಡರಿಂದ ಗುಣಿಸಿ 8 ಕೂಡಿಸುವ ಹಳೆಯ ಸೂತ್ರವನ್ನು ಬಳಸಬಹುದು: 4 ವರ್ಷಕ್ಕೆ 16 ಕಿಲೋ. ಮಗು ಸಣಕಲಾಗಿದ್ದರೆ ಈ ಅಂದಾಜಿನಿಂದ ಒಂದೆರಡು ಕಿಲೋ ಕಳೆದೇ ಲೆಕ್ಕ ಹಾಕಬೇಕು. ಆಸ್ಪತ್ರೆಯ ಒಳಗೆ ಅಂದಾಜಿಗೆ ಅವಕಾಶವಿಲ್ಲ. ತೀವ್ರ ಅಪಾಯದಲ್ಲಿಲ್ಲದ ಪ್ರತಿ ಮಗುವನ್ನೂ ತೂಗಿ, ಆ ಅಂಕಿಯನ್ನು ಚೀಟಿಯ ಮೇಲ್ಭಾಗದಲ್ಲೇ ಬರೆಯಬೇಕು.

ಬಾಟಲಿಯ ಮೇಲಿನ ಸಣ್ಣ ಅಕ್ಷರ

ಅತಿ ಹೆಚ್ಚು ತಪ್ಪಾಗುವುದು ಇಲ್ಲಿಯೇ. ಪ್ಯಾರಸಿಟಮಾಲ್ ಸಿರಪ್ 5 ಮಿಲಿಲೀಟರಿಗೆ 120 ಅಥವಾ 125 ಮಿಲಿಗ್ರಾಂ ಇರುವಂಥದ್ದೂ ಇದೆ, 250 ಮಿಲಿಗ್ರಾಂ ಇರುವಂಥದ್ದೂ ಇದೆ; ಎಳೆಯ ಮಕ್ಕಳಿಗೆಂದು ಮಾರುವ ಡ್ರಾಪ್ಸ್‌ನಲ್ಲಿ ಪ್ರತಿ 1 ಮಿಲಿಲೀಟರಿಗೇ 100 ಮಿಲಿಗ್ರಾಂ ಇರುತ್ತದೆ. ಡ್ರಾಪ್ಸ್ ಚಿಕ್ಕ ಮಕ್ಕಳದ್ದಾದ್ದರಿಂದ ಮೆತ್ತಗಿನ ಔಷಧವಿರಬೇಕೆಂದು ಹಲವರು ತಿಳಿಯುತ್ತಾರೆ, ಆದರೆ ಮೂರರಲ್ಲಿ ಅದೇ ಅತ್ಯಂತ ಗಟ್ಟಿ. 10 ಕಿಲೋ ತೂಕದ ಮಗುವಿಗೆ ಒಂದು ಬಾರಿಗೆ ಬೇಕಾದದ್ದು 150 ಮಿಲಿಗ್ರಾಂ. ಅಂದರೆ 125ರ ಸಿರಪ್ಪಿನಲ್ಲಿ 6 ಮಿಲಿಲೀಟರ್, 250ರ ಸಿರಪ್ಪಿನಲ್ಲಿ 3 ಮಿಲಿಲೀಟರ್, ಡ್ರಾಪ್ಸ್‌ನಲ್ಲಿ ಒಂದೂವರೆ ಮಿಲಿಲೀಟರ್. ಸಿರಪ್ಪಿನ 6 ಮಿಲಿಲೀಟರ್ ಎಂಬ ಅಳತೆಯನ್ನು ನೆನಪಿಟ್ಟುಕೊಂಡು ಡ್ರಾಪ್ಸ್ ಬಾಟಲಿಯಿಂದ ಕೊಟ್ಟರೆ ಆ ಮಗುವಿನ ಇಡೀ ದಿನದ 600 ಮಿಲಿಗ್ರಾಂ ಒಂದೇ ಗುಟುಕಿಗೆ ಒಳಗೆ ಹೋಗಿಬಿಡುತ್ತದೆ. ಐಬುಪ್ರೊಫೇನ್ ಸಿರಪ್ ಹೆಚ್ಚಾಗಿ 5 ಮಿಲಿಲೀಟರಿಗೆ 100 ಮಿಲಿಗ್ರಾಂ ಇರುವುದರಿಂದ ಅದೇ ಮಗುವಿಗೆ 5 ಮಿಲಿಲೀಟರ್ ಆಗುತ್ತದೆ. ಆದರೂ ಬಾಟಲಿ ಓದದೆ ಕೊಡಬಾರದು.

ಎರಡೂ ಔಷಧಗಳನ್ನು ಬೆರೆಸಿದ ಒಂದೇ ಸಿರಪ್ ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಸಲೀಸಾಗಿ ಸಿಗುತ್ತದೆ. ಅದನ್ನು ಬರೆಯುವ ವೈದ್ಯರೂ ಇದ್ದಾರೆ, ಅದರಿಂದ ನೋವು ಇಳಿಯುವುದೂ ನಿಜ. ಆದರೆ ಬೇರೆ ಬೇರೆ ಬಾಟಲಿಗಳೇ ಮೇಲು ಎಂಬುದು ಈ ಬರಹದ ನಿಲುವು. ಬೆರಕೆ ಸಿರಪ್ಪಿನಲ್ಲಿ ಒಂದನ್ನು ನಿಲ್ಲಿಸಿ ಇನ್ನೊಂದನ್ನು ಮುಂದುವರಿಸಲು ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅದರ ಹೆಸರಿನಲ್ಲಿ ಪ್ಯಾರಸಿಟಮಾಲ್ ಎಂಬ ಮಾತೇ ಕಾಣದಿರುವುದರಿಂದ, ಅದನ್ನು ಕುಡಿಸಿದ ಎರಡು ಗಂಟೆಗೆ ಜ್ವರ ಬಂತೆಂದು ಮನೆಯವರು ಮತ್ತೆ ಪ್ಯಾರಸಿಟಮಾಲ್ ಹಾಕುತ್ತಾರೆ. ಹಲವು ನೆಗಡಿ ಸಿರಪ್‌ಗಳಲ್ಲೂ ಪ್ಯಾರಸಿಟಮಾಲ್ ಅಡಗಿರುತ್ತದೆ. ಮನೆಯಲ್ಲಿರುವ ಎಲ್ಲ ಬಾಟಲಿಗಳನ್ನೂ ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಬಂದರೆ, ಮೊದಲು ಪರೀಕ್ಷಿಸುವವರ ಅರ್ಧ ಕೆಲಸ ಮುಗಿದಂತೆಯೇ.

ಡೋಲೋ 650 ಎಂಬ ಪ್ಯಾರಸಿಟಮಾಲ್ ಮಾತ್ರೆ ಇಲ್ಲದ ಮನೆ ಈಗ ಕಡಿಮೆ. ಸಿರಪ್ ಸಿಗದ ಹೊತ್ತಿನಲ್ಲಿ ಆ ಮಾತ್ರೆಯನ್ನು ಅರ್ಧ ಮಾಡಿ ಮಕ್ಕಳಿಗೆ ನುಂಗಿಸುವುದುಂಟು. ಅರ್ಧ ಎಂದರೆ 325 ಮಿಲಿಗ್ರಾಂ. 22 ಕಿಲೋಗಿಂತ ಕಡಿಮೆ ತೂಗುವ ಮಗುವಿಗೆ ಅದು ಹೆಚ್ಚಾಗುತ್ತದೆ.

ಅಳೆಯಲು ಸೂಜಿ ಇಲ್ಲದ ಸಿರಿಂಜ್ ಅತ್ಯುತ್ತಮ, ಅದಿಲ್ಲದಿದ್ದರೆ ಬಾಟಲಿಯ ಜೊತೆ ಬರುವ ಗುರುತಿನ ಮುಚ್ಚಳ. ಅಡುಗೆಮನೆಯ ಚಮಚಗಳು ಒಂದೇ ಅಳತೆಯವಲ್ಲ, ಒಳಲೆ ಕುಡಿಸಲು ಅನುಕೂಲವೇ ಹೊರತು ಅಳೆಯಲು ಅಲ್ಲ. ಸಿರಿಂಜಿನಲ್ಲಿ ಅಳೆದು ಒಳಲೆಗೆ ಸುರಿದು ಕುಡಿಸಿದರೆ ಅಡ್ಡಿಯಿಲ್ಲ. ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸದಿದ್ದರೆ ಔಷಧ ತಳದಲ್ಲಿ ಕೂತು, ಮೊದಲ ದಿನ ಸಾಲದೆಯೂ ಕೊನೆಯ ದಿನ ಮಿತಿಮೀರಿಯೂ ಹೋಗುತ್ತದೆ. ಲೋಟದ ತುಂಬ ಹಾಲಿಗೆ ಬೆರೆಸಿದರೆ ಮಗು ಅರ್ಧಕ್ಕೆ ಬಿಟ್ಟಾಗ ಎಷ್ಟು ಒಳಗೆ ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಬಿಡುವುದೇ ಸರಿಯಾದ ಕ್ರಮ.

ಐಬುಪ್ರೊಫೇನ್ ಬೇಡವಾದ ಸಂದರ್ಭಗಳು

ಪ್ಯಾರಸಿಟಮಾಲ್ ಯಕೃತ್ತಿನ ತೊಂದರೆ ಇಲ್ಲದ ಬಹುತೇಕ ಮಕ್ಕಳಿಗೆ ಹೊಂದುತ್ತದೆ. ಜೋಡಿ ಬೇಕೋ ಬೇಡವೋ ಎಂಬ ನಿರ್ಧಾರವೆಲ್ಲ ಐಬುಪ್ರೊಫೇನ್ ಮೇಲೆ ನಿಂತಿದೆ. ವೈದ್ಯರ ಸಲಹೆ ಇಲ್ಲದೆ 6 ತಿಂಗಳ ಒಳಗಿನ ಕೂಸಿಗೆ ಐಬುಪ್ರೊಫೇನ್ ಕೊಡಬಾರದು. 3 ತಿಂಗಳ ಒಳಗಿನ ಕೂಸಿಗೆ ಜ್ವರವಿದ್ದರೆ ಮನೆಯಲ್ಲಿ ಯಾವ ಔಷಧವನ್ನೂ ಹಾಕದೆ ನೇರವಾಗಿ ಆಸ್ಪತ್ರೆಗೆ ಕರೆತರಬೇಕು.

ಮಳೆಗಾಲದಲ್ಲಿ ಮೈಸೂರು ಮತ್ತು ಮಂಡ್ಯದ ಕಡೆ ಜ್ವರ, ಮೈಕೈ ನೋವು, ಕಣ್ಣಿನ ಹಿಂದೆ ನೋವು ಎಂದು ಬರುವ ಮಗುವಿಗೆ ಡೆಂಗಿ ಇಲ್ಲವೆಂದು ಖಚಿತವಾಗುವವರೆಗೆ ಪ್ಯಾರಸಿಟಮಾಲ್ ಒಂದೇ ಸಾಕು. ಡೆಂಗಿಯಲ್ಲಿ ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳು ಇಳಿದು ರಕ್ತಸ್ರಾವದ ಭಯವಿರುತ್ತದೆ, ಐಬುಪ್ರೊಫೇನ್ ಪ್ಲೇಟ್‌ಲೆಟ್‌ಗಳ ಕೆಲಸವನ್ನು ಮತ್ತಷ್ಟು ತಡೆದು ಹೊಟ್ಟೆಯ ಒಳಪದರವನ್ನೂ ಕೆರಳಿಸುತ್ತದೆ. ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದ ಮಗುವಿಗೂ ಇದೇ ಕಾರಣಕ್ಕೆ ಐಬುಪ್ರೊಫೇನ್ ನಿಷಿದ್ಧ. ಅಂಥ ಮಗುವನ್ನು ನೋವಿನ ಔಷಧಕ್ಕೆಂದು ತಡಮಾಡದೆ 108 ವಾಹನದಲ್ಲಿ ಪ್ರತಿವಿಷ ಇರುವ ಆಸ್ಪತ್ರೆಗೆ ಸಾಗಿಸಬೇಕು. ತಲೆಗೆ ಪೆಟ್ಟಾಗಿದ್ದರೆ ಒಳಗೆ ರಕ್ತಸ್ರಾವವಿಲ್ಲವೆಂದು ವೈದ್ಯರು ಹೇಳುವವರೆಗೆ ಕಾಯಬೇಕು. ವಾಂತಿಭೇದಿಯಿಂದ ಬಳಲಿ ಮೂತ್ರ ಕಡಿಮೆಯಾದ ಮಗುವಿಗೆ ಐಬುಪ್ರೊಫೇನ್ ಕೊಟ್ಟರೆ ಒಣಗಿದ ಮೂತ್ರಪಿಂಡಗಳಿಗೆ ಏಟು ಬೀಳುತ್ತದೆ. ಸೀತಾಳೆ ಸಿಡುಬು ಎದ್ದಿರುವಾಗಲೂ ಬೇಡ, ಚರ್ಮದ ಸೋಂಕು ಆಳಕ್ಕಿಳಿಯುವ ಅಪಾಯವಿದೆ. ಇಂಥ ಔಷಧದಿಂದ ಹಿಂದೆ ಉಬ್ಬಸ ಬಂದಿದ್ದರೆ, ಮೂತ್ರಪಿಂಡದ ಕಾಯಿಲೆ ಅಥವಾ ರಕ್ತ ಹೆಪ್ಪುಗಟ್ಟದ ಕಾಯಿಲೆ ಇದ್ದರೆ ಮೊದಲೇ ಹೇಳಬೇಕು. ಎಚ್.ಡಿ. ಕೋಟೆ ಭಾಗದ ಬುಡಕಟ್ಟು ಹಾಡಿಗಳಲ್ಲಿ ಕಾಣಿಸಿಕೊಳ್ಳುವ, ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆಯ ಮಕ್ಕಳಿಗೆ ಕೈಕಾಲು ನೋವು ಉಲ್ಬಣಿಸಿದಾಗ ಈ ಜೋಡಿ ಉಪಯುಕ್ತವೇ, ಆದರೆ ಮೂತ್ರಪಿಂಡದ ಸ್ಥಿತಿ ನೋಡಿ ವೈದ್ಯರೇ ಆರಂಭಿಸಬೇಕು.

ಇನ್ನೊಂದು ಎಚ್ಚರವನ್ನು ಒತ್ತಿ ಹೇಳಬೇಕಾಗಿದೆ. ಮೆಫೆನಾಮಿಕ್ ಆಮ್ಲದ ಸಿರಪ್, ಅಂದರೆ ಮೆಫ್ಟಾಲ್-ಪಿ ಎಂದು ಜನರಿಗೆ ಪರಿಚಿತವಾದದ್ದು, ಐಬುಪ್ರೊಫೇನ್ ಗುಂಪಿಗೇ ಸೇರಿದೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಎಂಬ ನೋವಿನ ಔಷಧಗಳೂ ಹಾಗೆಯೇ. ಒಂದೇ ಗುಂಪಿನ ಎರಡನ್ನು ಸೇರಿಸಿದರೆ ನೋವು ಹೆಚ್ಚೇನೂ ಇಳಿಯದು, ಹೊಟ್ಟೆಗೂ ಮೂತ್ರಪಿಂಡಕ್ಕೂ ಆಗುವ ಹಾನಿ ಮಾತ್ರ ಕೂಡಿಕೊಳ್ಳುತ್ತದೆ. ಜೋಡಿ ಎಂದರೆ ಪ್ಯಾರಸಿಟಮಾಲ್ ಮತ್ತು ಆ ಗುಂಪಿನ ಯಾವುದಾದರೂ ಒಂದು, ಅಷ್ಟೇ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಭಾರತ ಸರ್ಕಾರ 2011ರಲ್ಲೇ ನಿಷೇಧಿಸಿದೆ, ದೊಡ್ಡವರಿಗೆಂದು ತಂದ ಆ ಮಾತ್ರೆಯ ತುಂಡನ್ನೂ ಮಕ್ಕಳಿಗೆ ಕೊಡಬಾರದು. ಆಸ್ಪಿರಿನ್ ರೈ ಸಿಂಡ್ರೋಮ್ ಎಂಬ ಮಾರಕ ಸ್ಥಿತಿಗೆ ಕಾರಣವಾಗಬಲ್ಲದು. ಕೋಡೀನ್ ಮತ್ತು ಟ್ರಮಡಾಲ್ 12 ವರ್ಷದೊಳಗಿನವರಿಗೆ ಬೇಡವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಸೂಚಿಸಿತು. ಕೆಲವು ಮಕ್ಕಳ ದೇಹ ಅವನ್ನು ಅತಿವೇಗವಾಗಿ ಪ್ರಬಲ ರೂಪಕ್ಕೆ ಪರಿವರ್ತಿಸಿ ಉಸಿರಾಟವೇ ನಿಧಾನವಾಗುವ ಅಪಾಯವಿದೆ.

ಒಟ್ಟಿಗೆ ಕೊಡಬೇಕೆ, ಸರದಿಯಲ್ಲಿ ಕೊಡಬೇಕೆ

ಇದಕ್ಕೆ ಉತ್ತರ, ಔಷಧವನ್ನು ಯಾವ ಕಾರಣಕ್ಕೆ ಕೊಡುತ್ತಿದ್ದೇವೆ ಎಂಬುದನ್ನು ಅವಲಂಬಿಸಿದೆ. ಬರೀ ಜ್ವರಕ್ಕಾದರೆ ಒಂದರಿಂದ ಆರಂಭಿಸಬೇಕು. ಮಗು ಇನ್ನೂ ಒದ್ದಾಡುತ್ತಿದ್ದರೆ ಮಾತ್ರ ಇನ್ನೊಂದರ ಬಗ್ಗೆ ಯೋಚಿಸಬೇಕೇ ಹೊರತು, ಥರ್ಮಾಮೀಟರಿನ ಅಂಕಿಯನ್ನು ಇಳಿಸುವುದಕ್ಕಾಗಿ ಎರಡನ್ನೂ ಸುರಿಯಬಾರದು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡನ್ನೂ ಪಡೆದ ಮಕ್ಕಳು ಮೊದಲ 24 ಗಂಟೆಗಳಲ್ಲಿ ಹೆಚ್ಚು ಹೊತ್ತು ಜ್ವರವಿಲ್ಲದೆ ಇದ್ದದ್ದು ಕಂಡುಬಂದಿತ್ತು. ಆದರೆ ಅದೇ ಅಧ್ಯಯನದಲ್ಲಿ, ಲೆಕ್ಕ ಬರೆಯುತ್ತಿದ್ದಾಗಲೂ, ಕೆಲವು ಮಕ್ಕಳಿಗೆ ಮಿತಿಗಿಂತ ಹೆಚ್ಚು ಡೋಸ್ ಹೋಗಿತ್ತು.

ಮೂಳೆ ಮುರಿತ, ಉಳುಕು, ಸುಟ್ಟಗಾಯ, ಟಾನ್ಸಿಲ್ ಶಸ್ತ್ರಚಿಕಿತ್ಸೆಯ ನಂತರದ ತೀವ್ರ ನೋವು ಇವುಗಳಲ್ಲಿ ಎರಡನ್ನೂ ಏಕಕಾಲದಲ್ಲಿ ಕೊಡುವುದೇ ಸರಳ. ಮೂರು ಗಂಟೆಗೊಮ್ಮೆ ಒಂದಾದ ಮೇಲೊಂದು ಎಂಬ ಸರದಿ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಆದರೆ ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲಿ ಯಾವುದರ ಸರದಿ ಎಂಬುದು ತಪ್ಪುತ್ತದೆ. 20 ಕಿಲೋ ತೂಕದ ಮಗು ಎಂದುಕೊಳ್ಳೋಣ. ಒಂದು ಬಾರಿಗೆ ಪ್ಯಾರಸಿಟಮಾಲ್ 300 ಮಿಲಿಗ್ರಾಂ, ಅಂದರೆ 250ರ ಸಿರಪ್ಪಿನಲ್ಲಿ 6 ಮಿಲಿಲೀಟರ್. ಐಬುಪ್ರೊಫೇನ್ 200 ಮಿಲಿಗ್ರಾಂ, ಅಂದರೆ 100ರ ಸಿರಪ್ಪಿನಲ್ಲಿ 10 ಮಿಲಿಲೀಟರ್. ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10 ಈ ಮೂರು ಹೊತ್ತಿನಲ್ಲಿ ಎರಡನ್ನೂ ಒಟ್ಟಿಗೆ ಕೊಡಬೇಕು. ನಡುವೆ ನೋವು ತಡೆಯಲಾಗದಿದ್ದರೆ ಸಂಜೆ 6ಕ್ಕೆ ಪ್ಯಾರಸಿಟಮಾಲ್ ಒಂದನ್ನೇ ಕೊಡಬಹುದು. ಅಲ್ಲಿಗೆ ಪ್ಯಾರಸಿಟಮಾಲ್ ನಾಲ್ಕು, ಐಬುಪ್ರೊಫೇನ್ ಮೂರು, ಎರಡರ ಮಿತಿಯೂ ಮುಗಿಯಿತು. ಐಬುಪ್ರೊಫೇನ್ ಜೊತೆ ಒಂದಿಷ್ಟು ಗಂಜಿಯೋ ಮೊಸರನ್ನವೋ ಹೊಟ್ಟೆಯಲ್ಲಿದ್ದರೆ ಒಳ್ಳೆಯದು, ಆದರೆ ನೋವಿನಿಂದ ನರಳುವ ಮಗುವಿಗೆ ಊಟ ಮಾಡಿಸುವವರೆಗೆ ಮೊದಲ ಡೋಸನ್ನು ಮುಂದೂಡಬೇಕಾಗಿಲ್ಲ.

ಕೊಟ್ಟ ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಔಷಧದ ಹೆಸರು, ಮಿಲಿಲೀಟರ್, ಗಂಟೆ ಮತ್ತು ಕೊಟ್ಟವರು ಯಾರೆಂದು ಬರೆಯಬೇಕು. ಅಮ್ಮ ಕೊಟ್ಟು ಕೆಲಸಕ್ಕೆ ಹೋದದ್ದು ತಿಳಿಯದೆ ಅಜ್ಜಿ ಮತ್ತೊಮ್ಮೆ ಕೊಡುವುದು, ತುಂಬಿದ ಮನೆಗಳಲ್ಲಿ ಅಕ್ಕರೆಯಿಂದಲೇ ಆಗುವ ಅನಾಹುತ. ಆಸ್ಪತ್ರೆಯ ಚೀಟಿಯಲ್ಲಿಯೂ ಬರೀ “5 ಎಂ.ಎಲ್.” ಎಂದು ಬರೆದರೆ ಮುಂದಿನ ಆಸ್ಪತ್ರೆಯವರಿಗೆ ಏನೂ ತಿಳಿಯದು; ಮಿಲಿಗ್ರಾಂ ಮತ್ತು ಸಮಯ ಕಡ್ಡಾಯ.

ತುರ್ತು ವಿಭಾಗದೊಳಗೆ

ಸಿಬ್ಬಂದಿ ಮೊದಲು ನೋವನ್ನು ಅಳೆಯಬೇಕು. 8 ವರ್ಷ ಮೇಲ್ಪಟ್ಟವರು 0ಯಿಂದ 10ರ ನಡುವೆ ಅಂಕಿ ಹೇಳಬಲ್ಲರು, 3 ವರ್ಷ ಮೇಲ್ಪಟ್ಟವರು ಮುಖಗಳ ಚಿತ್ರದಲ್ಲಿ ತಮ್ಮದನ್ನು ತೋರಿಸಬಲ್ಲರು, ಅದಕ್ಕಿಂತ ಚಿಕ್ಕವರಲ್ಲಿ ಮುಖಭಾವ, ಕಾಲುಗಳ ಚಲನೆ, ಚಡಪಡಿಕೆ, ಅಳು ಮತ್ತು ಸಮಾಧಾನಕ್ಕೆ ಬಗ್ಗುವಿಕೆ ಈ ಐದಕ್ಕೂ 0ಯಿಂದ 2ರವರೆಗೆ ಅಂಕ ಕೊಟ್ಟು ಕೂಡಿಸಬೇಕು. 4 ಅಥವಾ ಹೆಚ್ಚಿದ್ದರೆ ಔಷಧ. 7 ಅಥವಾ ಹೆಚ್ಚಿದ್ದರೆ ಈ ಜೋಡಿಯ ಜೊತೆಗೆ ಮೂಗಿನ ಮೂಲಕ ಫೆಂಟನಿಲ್ ಎಂಬ ಪ್ರಬಲ ನೋವಿನ ಔಷಧ ಅಥವಾ ರಕ್ತನಾಳದ ಮೂಲಕ ಮಾರ್ಫಿನ್ ಬೇಕೇ ಎಂದು ವೈದ್ಯರು ತೀರ್ಮಾನಿಸಬೇಕು. ಮುರಿದ ಕೈಗೆ ದಬ್ಬೆ ಕಟ್ಟಿ ಅಲುಗದಂತೆ ಮಾಡುವುದೂ ನೋವಿನ ಚಿಕಿತ್ಸೆಯೇ. ಆಲೆಮನೆಯಲ್ಲಿ ಕುದಿಯುವ ಪಾಕ ಸಿಡಿದು ಸುಟ್ಟ ಚರ್ಮದ ಮೇಲೆ 20 ನಿಮಿಷ ತಣ್ಣೀರು ಹರಿಸಿದ ನಂತರವೇ ಉಳಿದ ಮಾತು. ಪಾಕ ಅಂಟಿಕೊಂಡು ಶಾಖ ಹಿಡಿದಿಟ್ಟುಕೊಳ್ಳುತ್ತದೆ.

ಹೊಟ್ಟೆನೋವಿನ ಮಗುವಿಗೆ ನೋವಿನ ಔಷಧ ಕೊಟ್ಟರೆ ಅಪೆಂಡಿಸೈಟಿಸ್ ಮರೆಯಾಗಿಬಿಡುತ್ತದೆ ಎಂಬ ಹಳೆಯ ನಂಬಿಕೆ ಸರಿಯಲ್ಲ. ನೋವು ಇಳಿದ ಮಗುವನ್ನು ಪರೀಕ್ಷಿಸುವುದೇ ಸುಲಭ. ಶಸ್ತ್ರಚಿಕಿತ್ಸೆ ಆಗಬಹುದೆಂದು ಊಟ ನಿಲ್ಲಿಸಿದ್ದರೂ ಕೆಲವು ಮಿಲಿಲೀಟರ್ ಔಷಧವನ್ನು ವೈದ್ಯರು ಸಾಮಾನ್ಯವಾಗಿ ಒಪ್ಪುತ್ತಾರೆ, ಕೇಳಿ ಕೊಡಬೇಕು. ಪ್ರಜ್ಞೆ ಮಂಕಾದ, ನಿಲ್ಲದೆ ವಾಂತಿ ಮಾಡುತ್ತಿರುವ, ಹೊಟ್ಟೆಗೆ ಬಲವಾದ ಪೆಟ್ಟು ಬಿದ್ದ ಮಗುವಿಗೆ ಮಾತ್ರ ಬಾಯಿಯಿಂದ ಏನನ್ನೂ ಹಾಕಬಾರದು.

ಕೊಟ್ಟ ಒಂದು ಗಂಟೆಗೆ ಮತ್ತೆ ಅಳೆಯಬೇಕು. ಎರಡೂ ಔಷಧಗಳು ಸರಿಯಾದ ಅಳತೆಯಲ್ಲಿ ಹೋಗಿಯೂ ನೋವು ಇಳಿಯದಿದ್ದರೆ, ಡೋಸ್ ಹೆಚ್ಚಿಸುವುದಲ್ಲ, ಕಾರಣ ಹುಡುಕಬೇಕು. ಪ್ಲಾಸ್ಟರ್ ಪಟ್ಟಿಯಾಗಲಿ ನಾಟಿ ಕಟ್ಟಾಗಲಿ ಬಿಗಿಯಾಗಿ, ನೋವು ಗಂಟೆಗಂಟೆಗೂ ಏರುತ್ತ, ಬೆರಳು ನೀಡಿಸಿದರೆ ಮಗು ಕಿರುಚುವಂತಿದ್ದರೆ ಅಥವಾ ಬೆರಳು ತಣ್ಣಗಾಗಿ ಜೋಮು ಹಿಡಿದಿದ್ದರೆ, ಸ್ನಾಯುಗಳಿಗೆ ರಕ್ತ ಹರಿಯುತ್ತಿಲ್ಲವೆಂದು ಅರ್ಥ. ಆಗ ಕಟ್ಟು ಬಿಚ್ಚಿಸಲು ಬೆಳಗಿನವರೆಗೆ ಕಾಯುವಂತಿಲ್ಲ, ಕೆಲವೇ ಗಂಟೆಗಳಲ್ಲಿ ಕೈ ಶಾಶ್ವತವಾಗಿ ಸೊರಗಬಹುದು.

ಪ್ಯಾರಸಿಟಮಾಲ್ ಹೆಚ್ಚಾಗಿ ಹೋಗಿದೆ ಎಂಬ ಅನುಮಾನ ಬಂದರೆ ಮಗು ಆಡಿಕೊಂಡಿದೆ ಎಂದು ಸುಮ್ಮನಿರಬಾರದು. ಮೊದಲ ದಿನ ಮಗು ಆರೋಗ್ಯವಾಗಿಯೇ ಕಾಣುತ್ತದೆ. ಕಣ್ಣು ಹಳದಿಯಾಗುವ ಹೊತ್ತಿಗೆ ಯಕೃತ್ತು ಕೆಟ್ಟಿರುತ್ತದೆ. ಒಂದೇ ಬಾರಿಗೆ ಪ್ರತಿ ಕಿಲೋಗೆ 150 ಮಿಲಿಗ್ರಾಂ ಮೀರಿದ್ದರೆ ಮಾತ್ರವಲ್ಲ, ಎರಡು ಮೂರು ದಿನ ಸ್ವಲ್ಪ ಸ್ವಲ್ಪವಾಗಿ ಮಿತಿ ಮೀರಿದ್ದರೂ ತಕ್ಷಣ ಆಸ್ಪತ್ರೆಗೆ ಬರಬೇಕು. ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವಿದೆ, ಅದು 8 ಗಂಟೆಯೊಳಗೆ ಸಿಕ್ಕರೆ ಅತ್ಯುತ್ತಮವಾಗಿ ಕೆಲಸ ಮಾಡುತ್ತದೆ.

ಸರಳವಾದ ಮುರಿತದಲ್ಲಿ ಮೊದಲ ಎರಡು ದಿನ ಗಡಿಯಾರ ನೋಡಿ ಕೊಡುವುದು, ಆಮೇಲೆ ನೋವಿದ್ದಾಗ ಮಾತ್ರ ಕೊಡುವುದು ವಾಡಿಕೆ. ನಿಲ್ಲಿಸುವಾಗ ಐಬುಪ್ರೊಫೇನ್ ಮೊದಲು ನಿಲ್ಲಬೇಕು, ಪ್ಯಾರಸಿಟಮಾಲ್ ಇನ್ನೊಂದು ದಿನ ನಡೆಯಬಹುದು. ಮೂರು ದಿನ ಕಳೆದರೂ ಎರಡೂ ಬೇಕೆನಿಸುತ್ತಿದ್ದರೆ, ಇಲ್ಲವೇ ವಾಂತಿಯಲ್ಲಿ ರಕ್ತ, ಕಪ್ಪು ಮಲ, ಮೂತ್ರ ಕಡಿಮೆಯಾಗುವುದು, ಮೈಮೇಲೆ ದದ್ದು ಇವುಗಳಲ್ಲಿ ಯಾವುದಾದರೂ ಕಂಡರೆ, ಔಷಧ ನಿಲ್ಲಿಸಿ ಬಾಟಲಿಗಳ ಸಮೇತ ಮತ್ತೆ ತೋರಿಸಬೇಕು.